ಮೊದಲು ಡ್ರಾಯರ್ ಹೊರಗೆಳೆಯಿರಿ

(ಹಳೆಯ ಮರದ ಪೀಠೋಪಕರಣಗಳ ಅಸಲಿತನ ಗುರುತಿಸುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರುಮಾಡುವ ಮೊದಲು ಒಂದು ಕೆಲಸವಿದೆ. ಈ ಡ್ರಾಯರನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ನನ್ನದೇ ಒಂದು ಹಳೆಯ ಪೆಟ್ಟಿಗೆಮೇಜಿನಿಂದ ಕಿತ್ತು ತಂದಿದ್ದೇನೆ. ಮುಂಭಾಗಕ್ಕೆ ವಾಲ್‌ನಟ್ ಮರದ ತೆಳುಪದರ ಅಂಟಿಸಿದೆ, ಅದರ ಹಿಂದಿರುವುದು ಪೈನ್, ಪಕ್ಕದ ಹಲಗೆಗಳು ಓಕ್. ಮುಟ್ಟಿ, ಮಗುಚಿ, ಬೇಕಾದರೆ ಮೂಸಿಯೂ ನೋಡಿ. ನಾನು ಮಾತು ಮುಗಿಸುವ ಹೊತ್ತಿಗೆ ಇದರಲ್ಲಿ ಯಾವ ಭಾಗ ಹಳೆಯದು, ಯಾವುದು ಆಮೇಲೆ ಬಂದು ಸೇರಿಕೊಂಡದ್ದು ಅಂತ ನೀವು ನನಗೆ ಹೇಳಬೇಕು.

"ಇದು ಅಸಲಿಯೋ ನಕಲಿಯೋ" ಅಂತ ನಾನು ಕೇಳಲಿಲ್ಲ, ಗಮನಿಸಿ. ಹಳೆಯ ಪೀಠೋಪಕರಣ ರಿಪೇರಿ ಮಾಡುವವರ ಹತ್ತಿರ ಆ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಇನ್ನೂರು ವರ್ಷ ಜನ ಕೂತು, ಎಳೆದು, ಸಾಗಿಸಿದ ಸಾಮಾನಿಗೆ ಕಾಲು ಮುರಿದಿರುತ್ತದೆ, ಹಿಡಿಕೆ ಕಳೆದಿರುತ್ತದೆ, ಯಾರೋ ಒಬ್ಬರು ಬಣ್ಣ ಬಳಿದಿರುತ್ತಾರೆ, ಇನ್ನೊಬ್ಬರು ಅದನ್ನು ಕೆರೆದಿರುತ್ತಾರೆ. ಏನೂ ಆಗದೆ ಉಳಿದು ಬಂದದ್ದನ್ನು ಕಂಡರೆ ನನಗೆ ಅನುಮಾನವೇ ಜಾಸ್ತಿ. ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು: ಇದರ ಮೇಲೆ ಏನೇನು ನಡೆದಿದೆ, ಯಾವಾಗ ನಡೆದಿದೆ, ಆ ಕತೆಯಲ್ಲಿ ಒಂದಕ್ಕೊಂದು ಹೊಂದದ್ದು ಏನಾದರೂ ಇದೆಯೇ?

ಪುರಾತನ ಅಂದರೆ ಎಷ್ಟು ಹಳೆಯದು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಈಗ ಸಾಮಾನ್ಯವಾಗಿ ನೂರು ವರ್ಷ ಅನ್ನುತ್ತಾರೆ. ಅಮೆರಿಕದ 1930ರ ಸುಂಕದ ಕಾಯ್ದೆ 1830ಕ್ಕೆ ಮೊದಲು ತಯಾರಾದ ವಸ್ತುಗಳನ್ನು ಪುರಾತನ ಎಂದು ಪರಿಗಣಿಸಿ ಸುಂಕದಿಂದ ಬಿಟ್ಟಿತ್ತು. 1966ರಲ್ಲಿ ಆ ಗೆರೆ ಅಳಿಸಿ ನೂರು ವರ್ಷ ಅಂತ ಮಾಡಿದರು. ವ್ಯಾಪಾರಕ್ಕೆ ಎರಡನೆಯದು ಅನುಕೂಲ. ಆದರೆ ಸಾಮಾನನ್ನು ಓದಲು ಕಲಿಯುವವರಿಗೆ 1830 ಅನ್ನುವ ಹಳೆಯ ಗೆರೆಯೇ ಹೆಚ್ಚು ಉಪಯೋಗದ್ದು. ಸರಿಸುಮಾರು ಆ ಕಾಲದಿಂದ ಮರಗೆಲಸಕ್ಕೆ ಯಂತ್ರ ಕೈಹಾಕಿತು. ಯಂತ್ರ ಮುಟ್ಟಿದ ಮರವೂ ಕೈ ಮುಟ್ಟಿದ ಮರವೂ ಬೇರೆಬೇರೆ ಗುರುತು ಇಟ್ಟುಕೊಳ್ಳುತ್ತವೆ.

ಸರಿ, ಡ್ರಾಯರಿಗೆ ಬರೋಣ. ಜನ ಹಳೆಯ ಕಪಾಟಿನ ಮುಂದೆ ನಿಂತು ಕೆತ್ತನೆ ನೋಡುತ್ತಾರೆ, ಪಾಲಿಶ್ ನೋಡುತ್ತಾರೆ. ಮೋಸ ಮಾಡುವವನೂ ಅಲ್ಲೇ ಶ್ರಮ ಹಾಕಿರುತ್ತಾನೆ. ಬಡಗಿ ಯಾರೂ ನೋಡುವುದಿಲ್ಲ ಅಂದುಕೊಂಡು ಬಿಟ್ಟ ಜಾಗಗಳು ಡ್ರಾಯರಿನಲ್ಲಿ ಐದಾರು ಇರುತ್ತವೆ. ಒಂದು ಟಾರ್ಚ್, ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಇಷ್ಟು ಸಾಕು.

ಮೊದಲು ಮೂಲೆ ನೋಡಿ. ಮುಂಭಾಗವೂ ಪಕ್ಕದ ಹಲಗೆಯೂ ಹಲ್ಲು ಹಲ್ಲಾಗಿ ಕಚ್ಚಿಕೊಂಡಿವೆಯಲ್ಲ, ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗುವ ಹಲ್ಲು, ಇದೇ ಡವ್‌ಟೇಲ್ ಜಾಯಿಂಟ್. ಕೈಯಲ್ಲಿ ಕೊರೆದ ಹಲ್ಲುಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪ, ಇನ್ನೊಂದು ಸ್ವಲ್ಪ ಓರೆ. ಹಲ್ಲಿನ ಬುಡದಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೀಟು ಕಾಣುತ್ತದೆ. ಎಲ್ಲಿಯವರೆಗೆ ಕೊಯ್ಯಬೇಕು ಅಂತ ಬಡಗಿ ಮೊಳೆಯ ಮೊನೆಯಿಂದ ಗೀರಿಕೊಂಡ ಗುರುತು ಅದು. ಕೆಲವು ಕಡೆ ಗರಗಸ ಆ ಗೀಟನ್ನು ದಾಟಿ ಒಂದೆರಡು ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಒಳಗಡೆ ತಾನೇ, ಯಾರು ನೋಡುತ್ತಾರೆ! ಯಂತ್ರದ ಹಲ್ಲುಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದವು. ಅವುಗಳಲ್ಲಿ ಹಲ್ಲಿನ ಅಗಲ, ನಡುವಿನ ಸಂದಿನ ಅಗಲ ಎರಡೂ ಅಚ್ಚೊತ್ತಿದಂತೆ ಒಂದೇ ಅಳತೆ.

ಈ ನಡುವೆ ಒಂದು ವಿಚಿತ್ರ ಜಾಯಿಂಟ್ ಬಂದು ಹೋಯಿತು. ಅರ್ಧಚಂದ್ರದ ಸಾಲು, ಪ್ರತಿ ಅರ್ಧಚಂದ್ರದ ನಡುವೆ ಒಂದು ಗುಂಡು ಗೂಟ. ನ್ಯಾಪ್ ಎಂಬ ಅಮೆರಿಕನ್ನನ ಯಂತ್ರ ಮಾಡುತ್ತಿದ್ದ ಕೆಲಸ ಇದು. 1870ರ ದಶಕದಲ್ಲಿ ಬಳಕೆಗೆ ಬಂದು, 1900ರ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಯಿತು. ಹಳೆಯ ಶೈಲಿಯ ಮೇಲೆ ಜನರಿಗೆ ಮತ್ತೆ ಮೋಹ ಬಂದಾಗ ಈ ಗುಂಡುಗುಂಡಾದ ಜಾಯಿಂಟ್ ಕಾರ್ಖಾನೆಯ ಮಾಲಿನ ಹಾಗೆ ಕಂಡಿತು. ಅಲ್ಪಾಯುಷಿಯಾದ್ದರಿಂದಲೇ ಇದು ನಮಗೆ ಬಂಗಾರ. ಇಂಥ ಡ್ರಾಯರ್ ಇರುವ ಮೇಜನ್ನು ಯಾರಾದರೂ 1780ರದ್ದು ಅಂದರೆ ವಾದ ಮಾಡುವ ಅಗತ್ಯವೇ ಇಲ್ಲ.

ಈಗ ಡ್ರಾಯರನ್ನು ಬೋರಲು ಹಾಕಿ. ಟಾರ್ಚನ್ನು ಮೇಲಿಂದ ಹಿಡಿಯಬೇಡಿ, ಹಲಗೆಗೆ ಹೆಚ್ಚುಕಡಿಮೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಕೀಸುಳಿಯಿಂದ ಕೈಯಲ್ಲಿ ಹೆರೆದ ಹಲಗೆಯ ಮೇಲೆ ಕೆರೆಯ ನೀರಿನ ಹಾಗೆ ಸಣ್ಣ ಅಲೆಗಳು ಏಳುತ್ತವೆ. ಕಣ್ಣಿಗೆ ಕಾಣದಿದ್ದರೆ ಅಂಗೈಯಲ್ಲಿ ಸವರಿದರೂ ಗೊತ್ತಾಗುತ್ತದೆ. ಗರಗಸದ ಗುರುತು ಉಳಿದಿದ್ದರೆ ಇನ್ನೂ ಒಳ್ಳೆಯದು. ಇಬ್ಬರು ಮೇಲೆ ಕೆಳಗೆ ನಿಂತು ಉದ್ದ ಗರಗಸ ಎಳೆದ ದಿಮ್ಮಿಯಲ್ಲಿ ಗೆರೆಗಳು ನೆಟ್ಟಗಿರುತ್ತವೆ, ಆದರೆ ಒಂದಕ್ಕೊಂದು ಸಮಾನಾಂತರವಾಗಿರುವುದಿಲ್ಲ. ತೋಳು ಸೋತಾಗ ಕೋನ ಬದಲಾಗುತ್ತದಲ್ಲ. ಗೆರೆಗಳು ಕಮಾನಿನ ಹಾಗೆ ಬಾಗಿದ್ದರೆ ಅದು ವೃತ್ತಗರಗಸದ ಕೆಲಸ. ಅಂಥ ಗರಗಸಕ್ಕೆ ಇಂಗ್ಲೆಂಡಿನಲ್ಲಿ 1777ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೆ ಪೀಠೋಪಕರಣದ ಮರದ ಮೇಲೆ ಅದರ ಕಮಾನು ಸಾಮಾನ್ಯವಾಗಿ ಕಾಣಸಿಗುವುದು 1830ರ ಈಚೆಗೆ. ಹಾಗಂತ ಗೆರೆ ನೆಟ್ಟಗಿದೆ, ಹಳೆಯದೇ ಇರಬೇಕು ಅಂತ ಹಿಗ್ಗಬೇಡಿ. ಆಮೇಲೆ ಬಂದ ಪಟ್ಟಿಗರಗಸವೂ (ಯಂತ್ರದಲ್ಲಿ ಸುತ್ತುವ ಬ್ಯಾಂಡ್ ಸಾ) ನೆಟ್ಟನೆಯ ಗೆರೆಯನ್ನೇ ಎಳೆಯುತ್ತದೆ. ಅದರ ಗೆರೆಗಳು ಸಣ್ಣ, ಒತ್ತೊತ್ತು, ಅಂತರ ಒಂದೇ ಸಮ.

ಬಣ್ಣದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಲಿತವರೂ ಎಡವುವುದು ಇಲ್ಲೇ. ಪಾಲಿಶ್ ಕಾಣದ ಮರ ಗಾಳಿ, ಬೆಳಕು, ಧೂಳಿಗೆ ತಾನಾಗಿಯೇ ಕಪ್ಪಾಗುತ್ತದೆ. ಆದರೆ ಗಾಳಿ ಎಲ್ಲ ಕಡೆಗೂ ಒಂದೇ ಸಮ ಹೋಗುವುದಿಲ್ಲ. ಕಪಾಟಿನ ಎಲ್ಲಕ್ಕಿಂತ ಕೆಳಗಿನ ಡ್ರಾಯರಿನ ತಳಕ್ಕೆ ನೆಲದ ಕಡೆಯಿಂದ ಗಾಳಿ ತಾಗುತ್ತದೆ, ಅದು ಹೆಚ್ಚು ಕಪ್ಪು. ನಡುವಿನ ಡ್ರಾಯರುಗಳ ತಳ ತಿಳಿಬಣ್ಣದಲ್ಲಿ ಉಳಿದಿರುತ್ತದೆ. ಪಕ್ಕದ ಹಲಗೆ ಸದಾ ಮುಚ್ಚಿಕೊಂಡೇ ಇರುವುದರಿಂದ ಬೆಳ್ಳಗಿದ್ದರೂ ಅದರ ಹಿಂದಿನ ತುದಿ ಮಾಸಿರಬಹುದು. ಹೀಗೆ ಬಣ್ಣದ ಏರುಪೇರಿಗೆ ಗಾಳಿಯ ದಾರಿಯೇ ಕಾರಣ ಹೇಳಬೇಕು. ಒಳಗೆ, ಹೊರಗೆ, ತಳ, ಬೆನ್ನು ಎಲ್ಲ ಕಡೆಯೂ ಚಹಾದ ಬಣ್ಣ ಒಂದೇ ಸಮ ಹರಡಿದ್ದರೆ ಯಾರೋ ಬ್ರಷ್ ಆಡಿಸಿದ್ದಾರೆ ಅಂತಲೇ ಲೆಕ್ಕ. ಹಳೆಯ ಬಡಗಿ ಡ್ರಾಯರಿನ ಹೊಟ್ಟೆಗೆ ಬಣ್ಣ ಬಳಿದು ಸಮಯ ಕಳೆಯುತ್ತಿರಲಿಲ್ಲ.

ಸವೆತಕ್ಕೂ ಇದೇ ನ್ಯಾಯ. ಡ್ರಾಯರಿನ ಪಕ್ಕದ ಹಲಗೆಯ ಕೆಳಅಂಚು ಸವೆದಿದೆಯೇ? ಹಾಗಿದ್ದರೆ ಅದು ಕಪಾಟಿನೊಳಗೆ ಜಾರುವ ಪಟ್ಟಿಯ ಮೇಲೂ ಹಳ್ಳ ಬಿದ್ದಿರಬೇಕು. ಎರಡೂ ಒಂದನ್ನೊಂದು ತಿಂದಿರಬೇಕು. ಡ್ರಾಯರ್ ಅರ್ಧ ಸವೆದು, ಪಟ್ಟಿ ಹೊಸದರಂತಿದ್ದರೆ ಒಂದೋ ಪಟ್ಟಿ ಬದಲಾಗಿದೆ, ಇಲ್ಲವೇ ಡ್ರಾಯರ್ ಬೇರೆ ಮನೆಯಿಂದ ಬಂದಿದೆ. ಕುರ್ಚಿಯಲ್ಲಿ ಮುಂಗಾಲುಗಳನ್ನು ಕೂಡಿಸುವ ಅಡ್ಡಪಟ್ಟಿಯ ಮೇಲ್ಮೈ ಸವೆದಿರಬೇಕು, ಹಿಮ್ಮಡಿ ಇಟ್ಟು ಕೂರುತ್ತಾರಲ್ಲ. ಕೈಪಟ್ಟಿಯ ತುದಿ ಬೆರಳಾಡಿಸಿ ನುಣುಪಾಗಿರಬೇಕು. ಯಾರ ಕಾಲೂ ಕೈಯೂ ತಲುಪದ ಜಾಗದಲ್ಲಿ ಸವೆತ ಕಂಡರೆ ಅದು ಮರಳುಕಾಗದದ ಸವೆತ. ಕೃತಕವಾಗಿ ಹಳತು ಮಾಡುವವರು ಸರಪಳಿಯಿಂದ ಹೊಡೆಯುವುದೂ ಉಂಟು. ಆ ಪೆಟ್ಟುಗಳು ಎಲ್ಲ ಕಡೆ ನ್ಯಾಯವಾಗಿ ಹಂಚಿಹೋಗಿರುತ್ತವೆ. ಬದುಕಿನಲ್ಲಿ ಪೆಟ್ಟು ಹಾಗೆ ಹಂಚಿ ಬೀಳುವುದನ್ನು ನಾನಂತೂ ನೋಡಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಅದಕ್ಕೆ ಅಳತೆಪಟ್ಟಿ ಬಿಟ್ಟರೆ ಬೇರೇನೂ ಬೇಡ. ಮರ ಒಣಗಿದಾಗ ಉದ್ದಕ್ಕೆ ಕುಗ್ಗುವುದಿಲ್ಲ ಅಂತಲೇ ಹೇಳಬಹುದು, ಅಗಲಕ್ಕೆ ಕುಗ್ಗುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರದ ದಿಕ್ಕಿನಲ್ಲಿ ಸುಮಾರು ಶೇ. 8ರಷ್ಟು, ಉಂಗುರಕ್ಕೆ ಅಡ್ಡವಾಗಿ ಸುಮಾರು ಶೇ. 4ರಷ್ಟು ಕುಗ್ಗಿದರೆ, ಉದ್ದದಲ್ಲಿ ಶೇ. 0.1ರ ಆಸುಪಾಸು ಅಷ್ಟೆ. ಪೀಠೋಪಕರಣಕ್ಕೆ ಬಳಸುವುದು ಒಣಗಿದ ಮರವೇ ಆದರೂ ತಲೆಮಾರುಗಳ ಕಾಲ ಸ್ವಲ್ಪಸ್ವಲ್ಪ ಕುಗ್ಗುವುದು ನಿಲ್ಲುವುದಿಲ್ಲ. ಹಾಗಾಗಿ ಗಟ್ಟಿಮರದ ಹಳೆಯ ದುಂಡುಮೇಜು ದುಂಡಾಗಿರುವುದಿಲ್ಲ! ನಾರಿನ ದಿಕ್ಕಿನಲ್ಲಿ ಒಂದು ಸಲ, ಅದಕ್ಕೆ ಅಡ್ಡವಾಗಿ ಒಂದು ಸಲ ಅಳೆಯಿರಿ. ಅಡ್ಡ ಅಳತೆ ಕೆಲವು ಮಿಲಿಮೀಟರಾದರೂ ಕಡಿಮೆ ಬರಬೇಕು. ಕಡೆದು ಮಾಡಿದ ಮೇಜಿನ ಕಾಲು, ಜಾಯಿಂಟಿಗೆ ಹೊಡೆದ ಮರದ ಗೂಟ ಕೂಡ ಹೀಗೇ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತವೆ. ಗೂಟದ ಸುತ್ತಲಿನ ಮರ ಕುಗ್ಗಿ, ಗೂಟದ ತಲೆ ಉಗುರಿಗೆ ತಾಗುವಷ್ಟು ಹೊರಗೆ ಬಂದಿರುತ್ತದೆ.

ಕಬ್ಬಿಣ. ಸ್ಕ್ರೂ ಬಿಚ್ಚಿ ನೋಡಲು ಒಡೆಯರು ಒಪ್ಪಿದರೆ ಒಂದನ್ನೇ ಬಿಚ್ಚಿ. ಕೈಯಲ್ಲಿ ಅರದಿಂದ ತೀಡಿದ ಹಳೆಯ ಸ್ಕ್ರೂವಿನ ಸುರುಳಿ ಅಂಕುಡೊಂಕು, ತಲೆಯ ಸೀಳು ಸರಿಯಾಗಿ ನಡುವೆ ಇರುವುದಿಲ್ಲ, ತುದಿ ಮೊಂಡು. ಮೊನೆಯಿರುವ ಸ್ಕ್ರೂ ಕಾರ್ಖಾನೆಗಳಿಂದ ಬರತೊಡಗಿದ್ದು 1840ರ ದಶಕದಲ್ಲಿ. ತಲೆಯ ಮೇಲೆ ಕೂಡಿಸುವ ಚಿಹ್ನೆಯ ಸೀಳಿರುವ ಫಿಲಿಪ್ಸ್ ಸ್ಕ್ರೂ 1930ರ ದಶಕದ್ದು. ಮೊಳೆಗಳದ್ದೂ ಇದೇ ಕತೆ. ಕುಲುಮೆಯಲ್ಲಿ ಬಡಿದ ಚೌಕ ಮೊಳೆ ಮೊದಲು, 1790ರ ದಶಕದಿಂದ ತಗಡಿನಿಂದ ಕತ್ತರಿಸಿದ ಮೊಳೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈಗ ನಾವು ಬಳಸುವ ಗುಂಡು ತಂತಿಮೊಳೆ. ಆದರೆ ಮೊಳೆಯೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಹೊಸ ಮೊಳೆ ರಿಪೇರಿಯದ್ದಿರಬಹುದು, ಹಳೆಯ ಮೊಳೆಯನ್ನು ಮೋಸಗಾರ ಹಳೆಯ ಬಾಗಿಲಿನಿಂದ ಕಿತ್ತು ತಂದಿರಬಹುದು. ಓಕ್ ಮರದ ಒಗರು ಕಬ್ಬಿಣದ ಜೊತೆ ಸೇರಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಮಾಡುತ್ತದೆ. ಆ ಕಲೆ ಮೊಳೆಯ ಸುತ್ತ ಮರದೊಳಕ್ಕೆ ಹಬ್ಬಿದೆಯೇ ನೋಡಿ. ಮೊಳೆ ಇಲ್ಲದ ಕಡೆ ಕಲೆ ಇದ್ದರೆ ಆ ಹಲಗೆಗೆ ಹಿಂದಿನ ಜನ್ಮವೊಂದಿತ್ತು ಅಂತ ಅರ್ಥ.

ಹಿಡಿಕೆಗಳ ವಿಷಯ ಹೇಳುವಾಗ ಆ ಡ್ರಾಯರ್ ಯಾರ ಕೈಯಲ್ಲಿದೆಯೋ ಅವರು ಸ್ವಲ್ಪ ಕಿವಿಗೊಡಿ. ಫ್ಯಾಷನ್ ಬದಲಾದಂತೆ ಜನ ಹಿಡಿಕೆ ಬದಲಾಯಿಸುತ್ತಾರೆ. ಹಳೆಯ ತೂತುಗಳಿಗೆ ಬಿರಡೆ ಹೊಡೆದು ಪಕ್ಕದಲ್ಲಿ ಹೊಸ ತೂತು ಕೊರೆಯುತ್ತಾರೆ. ಹೊರಗೆ ನಾಜೂಕಾಗಿ ಮುಚ್ಚುತ್ತಾರೆ, ಒಳಗೆ ಅಷ್ಟು ಕಾಳಜಿ ವಹಿಸುವುದಿಲ್ಲ. ಆದ್ದರಿಂದ ಒಳಗಿನಿಂದ ತೂತು ಎಣಿಸಿ, ಆಮೇಲೆ ಹೊರಗಿನ ಮೈಮೇಲೆ ಅಷ್ಟೇ ಇವೆಯೇ ನೋಡಿ. ಹಿಡಿಕೆಯ ಸಂಖ್ಯೆಗಿಂತ ತೂತು ಹೆಚ್ಚಿರುವುದು ತಪ್ಪೇನಲ್ಲ. ಒಳಗೂ ಹೊರಗೂ ಲೆಕ್ಕ ತಾಳೆಯಾಗಬೇಕು.

ತೂತು ಅಂದಕೂಡಲೇ ಕುಟ್ಟೆ ನೆನಪಾಗುತ್ತದೆ. ಕುಟ್ಟೆ ಹಿಡಿದ ಮರ ಅಂದರೆ ಹಳೆಯದು ಅನ್ನುವ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ತೂತು ಕೊರೆದು ಮಾರುವವರೂ ಇದ್ದಾರೆ. ಯುರೋಪಿನ ಮರಗಳನ್ನು ಕಾಡುವ ಸಾಮಾನ್ಯ ಕುಟ್ಟೆಹುಳು ಮರದೊಳಗೆ ಎರಡರಿಂದ ಐದು ವರ್ಷ ಮೇಯುತ್ತದೆ, ರೆಕ್ಕೆ ಬಂದ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರ್ ಅಗಲದ ತೂತು ಕೊರೆದು ಹೊರಗೆ ಹಾರುತ್ತದೆ. ಐದು ವರ್ಷದ ಹಲಗೆಗೂ ಅದು ಸಾಧ್ಯ, ಅದರಿಂದ ವಯಸ್ಸಿನ ಲೆಕ್ಕ ಹಾಕಲಾಗದು. ಆದರೆ ಬೇರೊಂದನ್ನು ಅದು ಹೇಳಿಬಿಡುತ್ತದೆ. ಹುಳು ಒಳಗೆ ಅಡ್ಡಾದಿಡ್ಡಿ ಸುರಂಗ ತೋಡುತ್ತದೆ, ಹೊರಮೈಯಲ್ಲಿ ಬರೀ ತೂತು ಕಾಣಬೇಕು. ಮೈಮೇಲೆ ಉದ್ದುದ್ದ ಕಾಲುವೆಗಳೇ ತೆರೆದುಕೊಂಡಿದ್ದರೆ ಹುಳು ತಿಂದಾದ ಮೇಲೆ ಯಾರೋ ಆ ಮರವನ್ನು ಕೊಯ್ದಿದ್ದಾರೆ. ಹಳೆಯ ಮರದಿಂದ ಹೊಸ ಸಾಮಾನು ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ. ಬೈರಿಗೆಯ ತೂತು ಪತ್ತೆಹಚ್ಚಲು ಸೂಜಿ ಇಳಿಸಿ, ಅದು ನೆಟ್ಟಗೆ ಇಳಿದು ಹೋದರೆ ಹುಳುವಿನ ಕೆಲಸವಲ್ಲ.

ಮೇಲ್ಮೈಯ ತೆಳುಪದರ ಮತ್ತು ಪಾಲಿಶಿನ ಬಗ್ಗೆ ಎರಡೇ ಮಾತು. ಕೈಗರಗಸದಿಂದ ಕೊಯ್ದ ಪದರ ಒಂದೂವರೆ, ಎರಡು, ಕೆಲವೊಮ್ಮೆ ಮೂರು ಮಿಲಿಮೀಟರ್ ದಪ್ಪ, ದಪ್ಪವೂ ಏರುಪೇರು. ಯಂತ್ರದ ಅಲಗಿನಲ್ಲಿ ಸೀಳಿದ್ದು ಒಂದು ಮಿಲಿಮೀಟರಿಗಿಂತ ತೆಳು. ಅರಗನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಪದರಪದರವಾಗಿ ಉಜ್ಜುವ ಫ್ರೆಂಚ್ ಪಾಲಿಶ್ ರೂಢಿಗೆ ಬಂದದ್ದು 1820ರ ಆಸುಪಾಸಿನಲ್ಲಿ. ನೈಟ್ರೊಸೆಲ್ಯುಲೋಸ್ ಮೆರುಗು 1920ರ ದಶಕದ್ದು. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಅರಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಪಾಲಿಶ್ ಹೇಳುವುದು ಪಾಲಿಶಿನ ವಯಸ್ಸನ್ನು ಮಾತ್ರ. ಹಳೆಯ ಮೇಜಿಗೆ ಹೊಸ ಪಾಲಿಶ್ ಹಾಕಿಸುವುದು ಅಪರಾಧವೇನಲ್ಲ, ಅದನ್ನು ನೋಡಿ ನನಗೆ ಬೇಜಾರಾಗುತ್ತದೆ ಅಷ್ಟೆ.

ಶೈಲಿ ನೋಡಿ ಕಾಲ ಹೇಳುವವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಇಂಗ್ಲೆಂಡಿನ ಹೆಸರಾಂತ ಬಡಗಿ ಥಾಮಸ್ ಚಿಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅಲ್ಲಿಂದಾಚೆಗೆ ಯಾವ ಬಡಗಿ ಬೇಕಾದರೂ ಅದನ್ನು ನೋಡಿ ಕುರ್ಚಿ ಮಾಡಬಹುದಿತ್ತು, ಮಾಡಿದರು, ಇಂದಿಗೂ ಮಾಡುತ್ತಿದ್ದಾರೆ. 1880ರಲ್ಲಿ ಮಾಡಿದ ನಕಲೂ ಈಗ ಪುರಾತನ ವಸ್ತುವೇ! ಮುದ್ರೆಗಳ ಕತೆಯೂ ಬೇರೆಯಲ್ಲ. ಪ್ಯಾರಿಸ್ಸಿನ ಬಡಗಿಗಳ ಸಂಘ ಹದಿನೆಂಟನೆಯ ಶತಮಾನದ ನಡುವಿನಿಂದ 1791ರಲ್ಲಿ ಸಂಘವೇ ರದ್ದಾಗುವವರೆಗೆ ತನ್ನ ಸದಸ್ಯರು ಹೆಸರಿನ ಮುದ್ರೆ ಒತ್ತಬೇಕು ಅಂತ ಕಡ್ಡಾಯ ಮಾಡಿತ್ತು. ಉಪಯುಕ್ತ ಗುರುತು, ಆದರೆ ಕುರ್ಚಿಯನ್ನೇ ನಕಲು ಮಾಡಬಲ್ಲವನಿಗೆ ಮುದ್ರೆ ಯಾವ ಲೆಕ್ಕ?

ಹಾಗಾದರೆ ತಜ್ಞರನ್ನು ಕೇಳೋಣ, ಪ್ರಯೋಗಾಲಯಕ್ಕೆ ಕಳಿಸೋಣ ಅಂದುಕೊಳ್ಳುತ್ತೀರಿ. ಎರಡು ಪ್ರಕರಣ ಕೇಳಿ. ಅಮೆರಿಕದ ಶಿಲ್ಪಿ ಅರ್ಮಾಂಡ್ ಲಾಮೊಂಟೇನ್ 1969ರಲ್ಲಿ ಹದಿನೇಳನೆಯ ಶತಮಾನದ ಬ್ರೂಸ್ಟರ್ ಕುರ್ಚಿಯ, ಅಂದರೆ ಕಡೆದ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಕುರ್ಚಿಯ, ನಕಲು ಮಾಡಿದರು, ಪಂಡಿತರನ್ನು ಏಮಾರಿಸಲೆಂದೇ. ಅದು ಕೈ ದಾಟುತ್ತಾ ಹೋಗಿ ಹೆನ್ರಿ ಫೋರ್ಡ್ ಮ್ಯೂಸಿಯಂ ಸೇರಿತು. 1977ರಲ್ಲಿ ಗುಟ್ಟು ಹೊರಬಿತ್ತು. ಕಡ್ಡಿಗಳು ಕೂರುವ ತೂತುಗಳನ್ನು ಅವರು ಆಧುನಿಕ ಬೈರಿಗೆಯಿಂದ ಕೊರೆದಿದ್ದರು, ಎಕ್ಸ್‌ರೇ ಅದನ್ನು ತೋರಿಸಿತು. ಆ ಮ್ಯೂಸಿಯಂ ಕುರ್ಚಿಯನ್ನು ಎಸೆಯದೆ ಇಟ್ಟುಕೊಂಡಿದೆ, ನನಗೆ ಅದು ಮೆಚ್ಚುಗೆ.

ಎರಡನೆಯದು ಅಷ್ಟು ತಮಾಷೆಯದ್ದಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಕುರ್ಚಿಗಳ ವಿಷಯದಲ್ಲಿ ಕೊನೆಯ ಮಾತು ಅನ್ನಿಸಿಕೊಂಡಿದ್ದ ಬಿಲ್ ಪಲ್ಲೋ, ಒಬ್ಬ ನುರಿತ ಕೆತ್ತನೆಗಾರನ ಜೊತೆ ಸೇರಿ ನಕಲಿ ರಾಜಪೀಠಗಳನ್ನು ಮಾಡಿಸಿ ಮಾರಿದ್ದು 2016ರಲ್ಲಿ ಬಯಲಾಯಿತು. ಕೊಂಡವರಲ್ಲಿ ವರ್ಸೈ ಅರಮನೆಯೂ ಒಂದು. 2025ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅನುಮಾನ ಮೊದಲು ಎತ್ತಿದ ವ್ಯಾಪಾರಿ ಮಾಡಿದ್ದೇನು ಗೊತ್ತೇ? ಕುರ್ಚಿಯನ್ನು ನೆಕ್ಕಿದ್ದು. ಹೊಸ ಮರ ಹಳತಾಗಿ ಕಾಣಲೆಂದು ಜೇಷ್ಠಮಧು ಕರಗಿಸಿ ಬಳಿಯುವ ಅಭ್ಯಾಸ ಆ ಕೆತ್ತನೆಗಾರನಿಗಿತ್ತು ಅಂತ ಅವರಿಗೆ ತಿಳಿದಿತ್ತು. ನೀವು ನೆಕ್ಕಬೇಡಿ, ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ.

ವಿಜ್ಞಾನಕ್ಕೂ ಮಿತಿಯಿದೆ. ಉಂಗುರಗಳನ್ನು ಎಣಿಸುವ ವಿಧಾನ ಮರ ಯಾವಾಗ ಬೆಳೆಯಿತು ಅಂತ ಹೇಳುತ್ತದೆ, ಮೇಜು ಯಾವಾಗ ತಯಾರಾಯಿತು ಅಂತ ಹೇಳುವುದಿಲ್ಲ. ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ಪರೀಕ್ಷೆ ಸುಮಾರು 1650ರಿಂದ 1950ರ ನಡುವಿನ ಮರಕ್ಕೆ ಒಂದೇ ಖಚಿತ ಉತ್ತರ ಕೊಡಲಾರದು, ಹಲವು ಸಾಧ್ಯತೆಗಳನ್ನು ಮುಂದಿಡುತ್ತದೆ. ನಮಗೆ ಬೇಕಾದ ಕಾಲವೇ ಅದು. ಮೇಲಾಗಿ ಒಳ್ಳೆಯ ಮೋಸಗಾರನ ಕಚ್ಚಾಮಾಲೇ ಹಳೆಯ ಮರ.

ಎಲ್ಲಕ್ಕಿಂತ ಹೆಚ್ಚು ನಡೆಯುವ ಮೋಸ ಮಾತ್ರ ಇಷ್ಟು ನಾಜೂಕಿನದಲ್ಲ. ವ್ಯಾಪಾರದವರು ಅದನ್ನು "ಮದುವೆ" ಅನ್ನುತ್ತಾರೆ. ಮೇಲಿನ ಪುಸ್ತಕದ ಕಪಾಟು ಒಂದು ಮನೆಯದು, ಕೆಳಗಿನ ಡ್ರಾಯರುಗಳ ಭಾಗ ಇನ್ನೊಂದು ಮನೆಯದು. ಎರಡೂ ಹಳೆಯವು, ಜೋಡಿ ಮಾತ್ರ ಹೊಸದು. ನಾನೂ ಒಮ್ಮೆ ಬಿದ್ದಿದ್ದೇನೆ. ಮುಂಭಾಗದಲ್ಲಿ ಮರದ ಬಣ್ಣ, ನಾರು ಎಲ್ಲ ಚೆನ್ನಾಗಿ ಹೊಂದಿತ್ತು. ಗೋಡೆಗೆ ಒರಗಿಸಿದ್ದರಿಂದ ಹಿಂದೆ ಇಣುಕಲು ಸೋಮಾರಿತನ ಮಾಡಿದೆ. ಮನೆಗೆ ತಂದು ತಿರುಗಿಸಿದರೆ ಮೇಲಿನ ಬೆನ್ನಹಲಗೆಗಳು ನೆಟ್ಟಗೆ, ಕೆಳಗಿನವು ಅಡ್ಡಕ್ಕೆ, ಎರಡರ ಮಾಸಲು ಬಣ್ಣವೂ ಬೇರೆ. ಎರಡನ್ನೂ ಬಿಡಿಸಿ ಬೇರೆಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. ಅವಕ್ಕೂ ನೆಮ್ಮದಿ ಇರಬೇಕು.

ಸರಿ, ಡ್ರಾಯರ್ ಎಲ್ಲಿಗೆ ಬಂತು? ಹೇಳಿ.

(ಸಭೆಯಿಂದ ಬಂದ ಉತ್ತರಗಳು ಹೀಗಿದ್ದವು: ಹಲ್ಲುಗಳು ಏರುಪೇರಾಗಿವೆ, ಕೈಕೆಲಸ. ಪಕ್ಕದ ಹಲಗೆಗಳು ಹಳೆಯವು. ತಳದ ಹಲಗೆಯ ಮೇಲೆ ಕಮಾನಿನ ಗೆರೆಗಳಿವೆ, ಅದು ಆಮೇಲೆ ಹಾಕಿದ್ದು.)

ಸರಿಯಾಗಿ ಹೇಳಿದಿರಿ. ನಾನು ಹೇಳಿಸಬೇಕು ಅಂದುಕೊಂಡಿದ್ದೂ ಇಷ್ಟೇ.

(ಆಗ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬರು ಡ್ರಾಯರನ್ನು ಎತ್ತಿ ಹಿಡಿದು, "ಸಾರ್, ಒಳಗಡೆ ಆರು ತೂತು ಮುಚ್ಚಿದ ಗುರುತಿದೆ. ಹೊರಗೆ ನಾಲ್ಕೇ ಕಾಣುತ್ತಿವೆ" ಎಂದರು.)

ಇಲ್ಲಿ ಕೊಡಿ, ನೋಡೋಣ... ಹೌದಲ್ಲ. ಒಳಗಿನ ಪೈನ್ ಮರದಲ್ಲಿ ಮೂರು ಜೊತೆ, ಮೇಲಿನ ವಾಲ್‌ನಟ್ ಪದರದಲ್ಲಿ ಎರಡೇ ಜೊತೆ. ಅಂದರೆ ಮೊದಲನೆಯ ಹಿಡಿಕೆ ಹೋದ ಮೇಲೆ ಯಾರೋ ಮುಂಭಾಗಕ್ಕೆ ಹೊಸ ಪದರ ಅಂಟಿಸಿದ್ದಾರೆ. ಹನ್ನೊಂದು ವರ್ಷದಿಂದ ಈ ಪೆಟ್ಟಿಗೆಮೇಜು ನನ್ನ ಮನೆಯಲ್ಲಿದೆ ತಾಯಿ, ಒಳಗಿನಿಂದ ನಾನು ಎಣಿಸಿಯೇ ಇರಲಿಲ್ಲ. ಇವತ್ತು ರಾತ್ರಿ ಉಳಿದ ಮೂರು ಡ್ರಾಯರುಗಳನ್ನೂ ಎಳೆದು ನೋಡಬೇಕು.